ಷರಾ

ಡಿಸ್ಕಿನಲ್ಲಿ ಜಾಗ ಇಲ್ಲ, ಅಂದಿತು ಪರದೆ.
ಲಾಗ್ ತುಂಬಿದೆ ಸರ್, ಅಂದೆ.
ಹುಚ್ರಾಯಪ್ಪನವರು ಕಿಟಕಿಯತ್ತ ತಿರುಗಿದರು:
ಬೀಟೆ ಹನ್ನೆರಡು, ಮತ್ತಿ ನಲವತ್ತು, ಸಾಗುವಾನಿ ಮೂರು ಅಟ್ಟಿ,
ಒಂದೊಂದರ ಬುಡಕ್ಕೂ ಸುತ್ತಿಗೆ ಮುದ್ರೆ, ಬಿಳಿ ಬಣ್ಣದ ನಂಬರು.
"ಎಲ್ಲಮ್ಮಾ ತುಂಬಿದೆ? ಹರಾಜಾಗಿ ಅರ್ಧ ಡಿಪೋ ಖಾಲಿ ಬಿದ್ದಿದೆ."

ಈ ಲಾಗು ಮರದ್ದಲ್ಲ.
ಕಂಪ್ಯೂಟರು ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ.
ಆರಿಸಿದರೆ ಮತ್ತೆ ಏಳುವುದು ಅನುಮಾನ ಅಂತ
ಹಗಲೂ ರಾತ್ರಿ ಉರಿಯುವ ಮಿಷಿನ್ನು.
ಇದಕ್ಕೆ ಲಿನಕ್ಸ್ ಹಾಕಿಕೊಟ್ಟ ಶಿವಮೊಗ್ಗದ ಹುಡುಗ ಫೋನೆತ್ತುವುದಿಲ್ಲ.
ಇರುವವಳು ನಾನು, ಜಬೀನಾ, ಹೊರಗುತ್ತಿಗೆ ಆಪರೇಟರು,
ನವೀಕರಣಕ್ಕೆ ಇನ್ನು ಇಪ್ಪತ್ತು ದಿನ.

ಕಪ್ಪು ಪರದೆ ತೆರೆದು ಕಡತದ ಬಾಲ ಹಿಡಿದೆ.
ವೈಫೈ ಸಿಗ್ನಲ್ ಬದಲಾಯಿತು: ಮೇಲೆ.
ವೈಫೈ ಸಿಗ್ನಲ್ ಬದಲಾಯಿತು: ಕೆಳಗೆ.
ಮೇಲೆ. ಕೆಳಗೆ. ಮೇಲೆ.
ಹೊಸ್ತಿಲಲ್ಲಿ ನಿಂತ ನಾಯಿಮರಿ
ಒಳಗೂ ಬಾರದೆ ಹೊರಗೂ ಹೋಗದೆ ಕುಂಯ್‌ಗುಟ್ಟಿದ ಹಾಗೆ
ಎರಡೆರಡು ಸೆಕೆಂಡಿಗೆ, ಹನ್ನೊಂದು ಜೀಬಿ.
ಗದ್ದಲ ಎಷ್ಟು ಅನ್ನುವಲ್ಲಿ ಪ್ರತಿ ಸಾಲಿಗೂ
ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಹುಡುಕಿ ಓದಿದೆ: ಅದರರ್ಥ "ಗೊತ್ತಿಲ್ಲ".
ಗೊತ್ತಿಲ್ಲ ಅನ್ನುವುದಕ್ಕೆ ಇಷ್ಟು ದೊಡ್ಡ ಅಂಕಿ
ಸರ್ಕಾರಿ ಕಚೇರಿಯಲ್ಲೂ ನಾನು ಕಂಡಿಲ್ಲ.

ಪವರ್ ಸೇವಿಂಗ್ ತೆಗೆದೆ. ಡ್ರೈವರ್ ಬದಲಿಸಿದೆ.
ಆಂಟೆನಾ ಡಬ್ಬಿಯನ್ನು ಗೋದ್ರೇಜ್ ಬೀರುವಿನ ಮೇಲೇರಿಸಿದೆ.
ಮೇಲೆ. ಕೆಳಗೆ.
ರೌಟರ್ ಇರುವುದು ಅಂಗಳದಾಚೆ, ರೇಂಜ್ ಕಚೇರಿಯಲ್ಲಿ;
ನಡುವೆ ಹಸಿ ದಿಮ್ಮಿಗಳು,
ದಿಮ್ಮಿ ಸಂದಿಯಲ್ಲಿ ತೂರಿಕೊಂಡು ಬರಬೇಕು ಪಾಪ, ಅದೂ.

ಕಾವಲಿನ ಚೌಡಪ್ಪ ಚಹಾ ಇಟ್ಟು ಪರದೆ ನೋಡಿದ.
"ಜೀರುಂಡೆ ಹಂಗೆ ಹೊಡ್ಕಳ್ತದಲ್ಲ ಮೇಡಂ.
ನಂಗೆ ಆ ಸದ್ದಿದ್ರೇ ನಿದ್ದೆ.
ನಿಂತ್ರೆ ಎಚ್ರಾಗದು.
ಯಾರಾರೂ ನಡ್ದು ಹೋಗ್ತಿದ್ರೆ ತಾನೆ ಅವು ನಿಲ್ಸದು."

ಆಮೇಲೆ ಸಾಲುಗಳನ್ನು ಬಿಟ್ಟು ಸಂದುಗಳನ್ನು ಓದಿದೆ.
ಬೆಳಿಗ್ಗೆ ಹನ್ನೊಂದು ಇಪ್ಪತ್ತರಿಂದ ಹನ್ನೆರಡೂ ಐದು, ಒಂದೂ ಮಾತಿಲ್ಲ:
ಗೇಟು ಪುಸ್ತಕದಲ್ಲಿ ಸೊರಬದ ಲಾರಿ.
ಮಧ್ಯಾಹ್ನ ಮೂರೂ ನಲವತ್ತು, ಮತ್ತೆ ಮೌನ:
ತಾಳಗುಪ್ಪದ ಲಾರಿ, ಸರಿಯಾಗಿದೆ.
ಅಂಗಳದಲ್ಲಿ ಕಬ್ಬಿಣದ ಗೋಡೆ ನಿಂತರೆ ಸಿಗ್ನಲ್
ಕೆಳಗೆ ಬಿದ್ದದ್ದು ಅಲ್ಲೇ ಇರುತ್ತದೆ,
ಏರಿದರಲ್ಲವೇ ಹೇಳಿಕೊಳ್ಳಲು.

ಮಂಗಳವಾರ ರಾತ್ರಿ ಎರಡೂ ಹತ್ತರಿಂದ ಎರಡೂ ಐವತ್ತು.
ಹಿಂದಿನ ಮಂಗಳವಾರ, ಎರಡೂ ಹದಿನೈದು.
ಅದರ ಹಿಂದಿನ ವಾರವೂ.
ಗೇಟು ಪುಸ್ತಕದಲ್ಲಿ ಗೆರೆಗಳಿವೆ, ಬರಹವಿಲ್ಲ.

ಆ ರಾತ್ರಿ ಜೀರುಂಡೆ ನಿಂತಿತ್ತಾ ಅಂತ ಚೌಡಪ್ಪನನ್ನು ಕೇಳಬೇಕಿತ್ತು.
ಚಹಾ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ಪರಿಹಾರ ಒಂದೇ ಸಾಲು:
ಈ ಮಾತಿರುವ ಸಂದೇಶ ಬಂದರೆ ಬರೆಯಬೇಡ, ಬಿಟ್ಟುಬಿಡು.
ಸದ್ದು ಅಳಿಸುವುದು ಸುಲಭ.
ಆದರೆ ಸದ್ದಿನ ನಡುವೆ ಇದ್ದ ಆ ನಲವತ್ತು ನಿಮಿಷ
ಯಾವುದರ ನಡುವೆ ಇರಬೇಕು ಇನ್ನು?

"ಬಾಯಿ ಮುಚ್ಚಿತಾ ಅದು?" ಕೇಳಿದರು ಹುಚ್ರಾಯಪ್ಪನವರು
ಸಂಜೆ, ಹೆಲ್ಮೆಟ್ಟು ಕೈಯಲ್ಲಿ ಹಿಡಿದು.
ಮುಚ್ಚಿತು ಸರ್.
ಹನ್ನೊಂದು ಜೀಬಿ ಹೋಗಿ ಇನ್ನೂರು ಎಂಬಿ ಉಳಿದಿದೆ.
"ಭಲೇ. ನಿನ್ನ ನವೀಕರಣಕ್ಕೆ ನಾನೇ ಬರೀತೀನಿ."

ಅಳಿಸುವ ಮೊದಲು ಗೇಟು ಪುಸ್ತಕ ಎಳೆದುಕೊಂಡಿದ್ದೆ.
ವಾಹನ ಸಂಖ್ಯೆ: ಖಾಲಿ. ಚಾಲಕನ ಹೆಸರು: ಖಾಲಿ.
ಮೂರು ಮಂಗಳವಾರದ ಎದುರೂ ಷರಾ ಕಾಲಂನಲ್ಲಿ,
ಪೆನ್ಸಿಲ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟು, ನೀಲಿ ಶಾಯಿಯಲ್ಲಿ,
ಹೊತ್ತು ಬರೆದೆ, ಮುಂದೆ:
ಇಲ್ಲಿ ಏನೋ ನಿಂತಿತ್ತು.

ಹೊರಗೆ ಚೌಡಪ್ಪ ಬಿಳಿ ಬಣ್ಣದ ಡಬ್ಬಿ ಹಿಡಿದು
ಮಾಸಿದ ನಂಬರುಗಳನ್ನು ತಿದ್ದುತ್ತಿದ್ದ,
ಬೀಟೆ ಒಂಬತ್ತು, ಬೀಟೆ ಹತ್ತು, ಬೀಟೆ ಹನ್ನೊಂದು,
ಹನ್ನೆರಡನೆಯದರ ಹತ್ತಿರ ಬಂದು
ಕುಂಚವನ್ನು ಡಬ್ಬಿಯೊಳಗೇ ಬಿಟ್ಟು
ಒಮ್ಮೆ ಈ ಕಡೆ ನೋಡಿದ.